ಡ್ರೈವರ್ ಪಗಾರ

ನಮ್ಮವರು ಫೌಜಿಗೆ ಸೇರಿದಾಗ ನಮ್ಮ ಮದುವೆಯಾಗಿ ಇನ್ನೂ ಒಂಬತ್ತು ತಿಂಗಳು. ಕರ್ಜಗಿಯ ತವರು ಬಿಟ್ಟು ಬ್ಯಾಡಗಿಗೆ ಬಂದ ಆ ಮೊದಲ ವರ್ಷವೆಲ್ಲ ನನಗೆ ಸೀನುವುದರಲ್ಲೇ ಹೋಯಿತು. ಸುಗ್ಗಿ ಬಂತೆಂದರೆ ಊರ ತುಂಬ ಒಣಮೆಣಸಿನಕಾಯಿ, ಗಾಳಿ ಬೀಸಿದತ್ತ ಘಾಟು. ನಮ್ಮ ಅತ್ತಿ ಒಬ್ಬ ಅಡತಿ ವ್ಯಾಪಾರಿಯ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಹಿರಿಯರು. ಮಾವ ಬೇಗ ತೀರಿಕೊಂಡಿದ್ದರು. ಆ ಕೆಲಸದ ಮೇಲೆಯೇ ಅವರು ಒಬ್ಬನೇ ಮಗನನ್ನು ಸಾಕಿ ದೊಡ್ಡವನನ್ನು ಮಾಡಿದ್ದರು. ನಾನು ಸೀನಿದಾಗೆಲ್ಲ ನಕ್ಕು, ಇನ್ನೊಂದು ವರ್ಷ ತಡಿ, ಆಮ್ಯಾಲ ಘಾಟಿಲ್ಲದ ಊರಾಗ ನಿನಗ ಉಸಿರ ಆಡೂದಿಲ್ಲ ಅನ್ನುತ್ತಿದ್ದರು.

ನಮ್ಮವರು ಅದೇ ವ್ಯಾಪಾರಿಯ ಲಾರಿಯಲ್ಲಿ ಕ್ಲೀನರ್. ಟೈರಿಗೆ ಗಾಳಿ ಹೊಡೆಯುವುದು, ನೀರು ಹೊಯ್ಯುವುದು, ಚಳಿಗಾಲದ ಬೆಳಗ್ಗೆ ಮುಂದೆ ನಿಂತು ಹ್ಯಾಂಡಲ್ ತಿರುವಿ ಎಂಜಿನ್ನು ಎಬ್ಬಿಸುವುದು, ಇದೆಲ್ಲ ಇವರ ಪಾಲಿಗೆ. ಸ್ಟೇರಿಂಗ್ ಮಾತ್ರ ಡ್ರೈವರನದು. ಮೂರು ವರ್ಷ ಬೇಡಿಕೊಂಡರೂ ಆತ ಒಂದು ದಿನ ಇವರ ಕೈಗೆ ಕೊಡಲಿಲ್ಲ. ಮಹಾಯುದ್ಧ ಜೋರಾದಾಗ ಫೌಜಿಗೆ ಲಾರಿ ನಡೆಸುವವರು ಬೇಕು, ಬಾರದಿದ್ದವರಿಗೆ ಅಲ್ಲೇ ಕಲಿಸುತ್ತಾರೆ ಎಂಬ ಸುದ್ದಿ ಬಂತು. ಇವರು ಯಾರಿಗೂ ಹೇಳದೆ ಹಾವೇರಿಗೆ ಹೋಗಿ ಹೆಸರು ಬರೆಸಿ ಬಂದರು. ಅತ್ತಿ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಎದ್ದವರೇ ಒಂದು ಡಬ್ಬಿ ತುಂಬ ಶೇಂಗಾ ಚಟ್ನಿ ಕುಟ್ಟಿದರು. ಅದೇ ಅವರ ಒಪ್ಪಿಗೆ.

ತಿಂಗಳಿಗೊಮ್ಮೆ ಇವರ ಪಗಾರದಲ್ಲಿ ಒಂದು ಭಾಗ ಅತ್ತಿಯ ಹೆಸರಿಗೆ ಮನಿಯಾರ್ಡರ್ ಬರುತ್ತಿತ್ತು. ದೊಡ್ಡ ಮೊತ್ತವೇನಲ್ಲ. ಜೋಳ, ಉಪ್ಪು, ಮನೆಬಾಡಿಗೆಗೆ ಸರಿಹೋಗುತ್ತಿತ್ತು. ಅತ್ತಿ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾನೂ ಅವರ ಜೊತೆ ಹೋಗಿ ಕೂತೆ. ಅಷ್ಟೊತ್ತಿಗೆ ಸೀನು ನಿಂತಿತ್ತು.

ಒಂದೂವರೆ ವರ್ಷದ ಮೇಲೆ ಇವರು ರಜೆಯ ಮೇಲೆ ಬಂದರು. ರೈಲಿನಿಂದ ಖಾಕಿ ಹಾಕಿಕೊಂಡು ಇಳಿದವರನ್ನು ನಾನು ಗುರುತೇ ಹಿಡಿಯಲಿಲ್ಲ. ಅತ್ತಿ ಹಿಡಿದರು. ಹತ್ತಿರ ಹೋಗಿ ಗಲ್ಲ ಮುಟ್ಟಿ, ಕರ್ರಗಾಗೀದಿ ಅಂದರು. ಆಮೇಲೆ ಬೂಟು ನೋಡಿ, ಇದನ್ನ ಹೊರಗ ಬಿಡು, ಮನೀ ನೆಲ ಕಿತ್ತು ಹೋಗತೈತಿ ಅಂದರು.

ಅವತ್ತು ಮಧ್ಯಾಹ್ನದ ಊಟವಾದ ಮೇಲೆ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇವರು ಜೋಳದ ಚೀಲದ ಮೇಲೆ ಕೂತು, ಉಂಡೆದ್ದ ತಾಟನ್ನು ತೊಳೆದು ಎರಡೂ ಕೈಯಲ್ಲಿ ಹಿಡಿದು, ಅಸ್ಸಾಮಿನ ಗುಡ್ಡದಲ್ಲಿ ಲಾರಿ ಹೇಗೆ ಹೋಗುತ್ತದೆ ಅಂತ ತೋರಿಸತೊಡಗಿದರು. ಇಲ್ಲಿ ಎಡಕ್ಕೆ ತಿರುವು, ಕೆಳಗೆ ಪಾತಾಳ. ಇಲ್ಲಿ ಕೆಸರು, ಹಿಂದಿನ ಗಾಲಿ ಜಾರುತ್ತದೆ. ಬಾಯಲ್ಲೇ ಗೇರು ಬದಲಿಸುವ ಸದ್ದು. ಪಕ್ಕದಲ್ಲಿ ಕೂತ ಅತ್ತಿ, ಇವರು ಎಡಕ್ಕೆ ತಿರುಗಿದರೆ ಎಡಕ್ಕೆ ವಾಲುತ್ತಿದ್ದರು, ಬಲಕ್ಕೆ ತಿರುಗಿದರೆ ಬಲಕ್ಕೆ. ಒಂದು ತಿರುವಿನಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ನಾವು ಮೂವರೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ನಗು ನಿಂತ ಮೇಲೆ ಅತ್ತಿ, ಅಲ್ಲಿ ಡ್ರೈವರಗ ಪಗಾರ ಎಷ್ಟು ಅಂತ ಕೇಳಿದರು. ಇವರು ತಾಟನ್ನು ಕೆಳಗಿಟ್ಟರು. ಬಿಡಿಸಿ ಬಿಡಿಸಿ ಕೇಳಿದಾಗ ಮಾತು ಹೊರಬಿತ್ತು. ಸೇರುವಾಗ ಕ್ಲೀನರ್ ಅಂತ ಬರೆದುಕೊಂಡಿದ್ದರಂತೆ. ಆರು ತಿಂಗಳಲ್ಲಿ ಕಲಿತು ಪರೀಕ್ಷೆ ಪಾಸಾಗಿ, ಒಂದು ವರ್ಷದಿಂದ ದಿನವೂ ಲಾರಿ ನಡೆಸುತ್ತಿದ್ದಾರೆ. ಆದರೆ ಕಾಗದದಲ್ಲಿ ಇನ್ನೂ ಕ್ಲೀನರೇ, ಪಗಾರವೂ ಕ್ಲೀನರನದೇ. ಅದೇ ಗುಡ್ಡದಲ್ಲಿ, ಅದೇ ಲಾರಿ ನಡೆಸುವ ಬೇರೆಯವರಿಗೆ ಹೆಚ್ಚು ಕೊಡುತ್ತಾರೆ. ಹವಾಲ್ದಾರನಿಗೆ ಎರಡು ಸಲ ಹೇಳಿದ್ದಾಯಿತು. ಆಗಲಿ ನೋಡೋಣ ಅಂದನಂತೆ. ಮೂರನೆಯ ಸಲ ಕೇಳಿದರೆ ಬಾಯಿಬಡಕ ಅಂತ ಹೆಸರು ಬೀಳುತ್ತದೆ, ಶಿಕ್ಷೆಯೂ ಆದೀತು.

"ನೀ ಏನೂ ಹೇಳಬ್ಯಾಡ," ಅಂದರು ಅತ್ತಿ. "ಫೌಜಿನಾಗ ಇರಾಂವ ನೀನು. ನಾ ಇಲ್ಲಲ್ಲ."

ಮರುದಿನ ಬೆಳಗ್ಗೆ ಅವರು ಮಗನ ಪಗಾರದ ಪುಸ್ತಕ, ಪರೀಕ್ಷೆ ಪಾಸಾದ ಚೀಟಿ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಇಂಗ್ಲಿಷ್ ಬಲ್ಲ ಸ್ಟೇಶನ್ ಮಾಸ್ತರರ ಹತ್ತಿರ ಹೋದರು. ನಾನು ಕನ್ನಡ ನಾಲ್ಕನೆಯ ಇಯತ್ತೆ ಓದಿದವಳು, ಇಂಗ್ಲಿಷ್ ನನಗೆ ಬಾರದು. ಮಾಸ್ತರರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಮ್ಮ ಮಗ ಹೇಳಿದ್ದು ಖರೇ ಐತಿ, ಪರೀಕ್ಷೆ ಪಾಸಾದ ತಾರೀಖು ಇಲ್ಲಿ ಐತಿ, ಪುಸ್ತಕದಾಗ ಏರಿಸಿಲ್ಲ ಅಂದರು. ಮೇಲೆ ಇನ್ನೊಂದು ಸುದ್ದಿಯನ್ನೂ ಕೊಟ್ಟರು. ಫೌಜಿಗೆ ಮಂದಿ ಸೇರಿಸಿಕೊಳ್ಳುವ ಗೋರಾ ಸಾಹೇಬ ಬರುವ ಮಂಗಳವಾರ ರಾಣೇಬೆನ್ನೂರಿನ ಬಂಗಲೆಯಲ್ಲಿ ಇರುತ್ತಾನೆ.

ಮಂಗಳವಾರ ನಾವು ಮೂವರೂ ರೈಲು ಹತ್ತಿದೆವು. ಇವರಿಗೆ ಬರಲು ಮನಸ್ಸೇ ಇಲ್ಲ. ಅತ್ತಿ ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವರ ಹಾಗೆ ಕಿಟಕಿಯ ಹತ್ತಿರ ಕೂತಿದ್ದರು. ದಾರಿಯುದ್ದಕ್ಕೂ ಬೆಳೆ ನೋಡುತ್ತ, ಈ ಹೊಲ ಚೊಲೋ ಐತಿ, ಆ ಹೊಲದಾಂವ ಕಳೇನ ಕಿತ್ತಿಲ್ಲ ಅಂತ ಹೇಳುತ್ತಿದ್ದರು. ನನಗೆ ಅದು ಬ್ಯಾಡಗಿಗೆ ಬಂದ ಮೇಲಿನ ಮೊದಲ ರೈಲು ಪ್ರಯಾಣ. ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು.

ಬಂಗಲೆಯ ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ಹುಡುಗರು ಅಂಗಿ ಬಿಚ್ಚಿ ಸಾಲಾಗಿ ನಿಂತಿದ್ದರು. ಎದೆಯ ಅಳತೆ ನಡೆದಿತ್ತು. ಮೇಜಿನ ಹಿಂದೆ ಸಾಹೇಬ, ಪಕ್ಕದಲ್ಲಿ ಅವನ ಮಾತನ್ನು ಕನ್ನಡಕ್ಕೆ ತಿರುಗಿಸುವ ಒಬ್ಬ ಜಮಾದಾರ. ಇವರು ಗೇಟಿನಲ್ಲೇ ಸಲಾಮು ಹೊಡೆದು ಕಂಬದ ಹಾಗೆ ನಿಂತುಬಿಟ್ಟರು. ಅತ್ತಿ ನೆಟ್ಟಗೆ ಮೇಜಿನ ತನಕ ನಡೆದು ಪುಸ್ತಕ, ಚೀಟಿ ಎರಡನ್ನೂ ಇಟ್ಟರು.

"ಸಾಹೇಬ್ರ, ನಾ ಮೆಣಸಿನಕಾಯಿ ತೊಟ್ಟು ಬಿಡಸಾಕಿ. ನಮ್ಮ ಅಂಗಳದಾಗ ತೊಟ್ಟು ಬಿಡಸಾಕ ಒಂದು ಕೂಲಿ, ಚೀಲಾ ಹೊರಾಕ ಒಂದು ಕೂಲಿ. ಚೀಲಾ ಹೊರಿಸಿ ತೊಟ್ಟಿನ ಕೂಲಿ ಕೊಟ್ರ ಹಮಾಲ ಚೀಲಾ ಅಲ್ಲೇ ಇಳಿಸಿ ಮನೀಗೆ ಹೋಗ್ತಾನ. ನನ್ನ ಮಗಾ ಇಳಸಾಂವಲ್ಲ. ಹಂಗಂತ ನೀವು ಕ್ಲೀನರ್ ಕೂಲಿ ಕೊಟ್ಟು ಡ್ರೈವರ್ ಕೆಲಸ ತಗೋಬಹುದೇನ್ರಿ?"

ಜಮಾದಾರ ಬೆವರು ಒರೆಸಿಕೊಂಡು ಹಿಂದುಸ್ತಾನಿಯಲ್ಲಿ ನಾಲ್ಕು ಮಾತು ಹೇಳಿದ. ಅತ್ತಿ ಅವನ ಕಡೆ ತಿರುಗಿ, ನಾ ಅಷ್ಟುದ್ದ ಮಾತಾಡಿದೆ, ನೀ ಗೇಣುದ್ದ ಹೇಳಿದಿ, ಹಮಾಲನ ಸುದ್ದಿ ಎಲ್ಲಿ ಹೋತು ಅಂತ ಕೇಳಿದರು. ಸಾಹೇಬನಿಗೆ ಕನ್ನಡ ತಿಳಿಯದಿದ್ದರೂ ಇದು ತಿಳಿಯಿತು. ನಕ್ಕುಬಿಟ್ಟ. ಎಲ್ಲವನ್ನೂ ಮೊದಲಿಂದ ಹೇಳು ಅಂತ ಜಮಾದಾರನಿಗೆ ಸನ್ನೆ ಮಾಡಿದ. ಹಮಾಲ ಚೀಲ ಇಳಿಸಿ ಹೋಗುವ ಮಾತು ಬಂದಾಗ ಅವನ ನಗು ಸಣ್ಣಗಾಯಿತು. ಪುಸ್ತಕ ತೆಗೆದು ಹಾಳೆ ತಿರುವಿದ.

ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಕಾಗಿನೆಲೆ ಕಡೆಯ ಹುಡುಗ ತನ್ನ ಅಂಗಿ ಹಾಕಿಕೊಂಡ. ನಮಗೂ ಹಿಂಗ ಆಗತೈತೇನ್ರಿ ಅಂತ ಮೆಲ್ಲಗೆ ಕೇಳಿದ. ಅವನನ್ನು ನೋಡಿ ಮತ್ತೆ ನಾಲ್ಕು ಜನ ಅಂಗಿಗೆ ಕೈ ಹಾಕಿದರು. ಅತ್ತಿ ಅವರ ಕಡೆ ತಿರುಗಿ ನೋಡಲಿಲ್ಲ. ನೋಡಿದವನು ಸಾಹೇಬ.

ಅವನು ಇವರನ್ನು ಹತ್ತಿರ ಕರೆದ. ಮೇಲಿನವರಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದ. ಎರಡು ಸಲ ಹೇಳಿದೆ ಅಂದರು. ಊಟ, ವಸತಿ ಹೇಗಿದೆ ಅಂತ ಕೇಳಿದ. ಎಲ್ಲ ಚೊಲೋ ಐತ್ರಿ ಸಾಹೇಬ್ರ ಅಂದರು.

"ಸುಳ್ಳ ಹೇಳಾಕತ್ತಾನ," ಅಂದರು ಅತ್ತಿ. "ಡೇರೆ ಸೋರತೈತಂತ ಲಾರಿ ಬುಡಕ ಮಲಗ್ತಾನ. ಒಂದ ಕಂಬಳಿ. ಅಲ್ಲಿ ಮಳೀ ಅಂದ್ರ ನಮ್ಮಂಥಾ ಮಳೀ ಅಲ್ಲಂತ."

ಹಿಂದಿನ ದಿನ ಇವರು ನನಗೆ ಮಾತ್ರ ಹೇಳಿದ ಮಾತು ಅದು. ನಾನು ಅತ್ತಿಗೆ ಹೇಳಿಬಿಟ್ಟಿದ್ದೆ. ಇವರು ನನ್ನ ಕಡೆ ನೋಡಿದರು. ನಾನು ಅಂಗಳದ ಮಾವಿನ ಗಿಡ ನೋಡಿದೆ.

ಸಾಹೇಬ ಬಹಳ ಹೊತ್ತು ಬರೆದ. ಎರಡು ಪ್ರತಿ ಮಾಡಿಸಿ, ಮೊಹರು ಒತ್ತಿ, ಒಂದನ್ನು ಅತ್ತಿಯ ಕೈಗೇ ಕೊಟ್ಟ. ಜಮಾದಾರ ಕನ್ನಡದಲ್ಲಿ ಹೇಳಿದ: ಇವರ ತುಕಡಿಗೆ ಪತ್ರ ಹೋಗುತ್ತದೆ, ಪಾಸಾದ ದಿನದಿಂದಲೇ ಡ್ರೈವರ್ ಪಗಾರ ಸಿಗಬೇಕು ಅಂತ ಬರೆದಿದೆ, ಕಂಬಳಿಯ ಮಾತೂ ಇದೆ. ಅತ್ತಿ ಕೈ ಮುಗಿದು, ಸಾಲಿನ ಕಡೆ ತಿರುಗಿ, ನಿಂದರ್ರೆಪ್ಪಾ, ಆದ್ರ ಕಲಿತದ್ದನ್ನ ಬರಿಸ್ಕೊಳ್ಳೂದು ಮರೀಬ್ಯಾಡ್ರಿ ಅಂದರು.

ವಾಪಸು ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಶನ್ನಿನ ಎದುರು ಒಬ್ಬ ಬಿಸಿ ಮಿರ್ಚಿ ಭಜಿ ಕರಿಯುತ್ತಿದ್ದ. ಅತ್ತಿ ಮೂವರಿಗೂ ಕೊಡಿಸಿದರು. ಇವರು ಮೊದಲು ಸಿಟ್ಟಿನಿಂದ ತಿನ್ನದೆ ಕೂತರು. ಎರಡನೆಯ ಸುತ್ತಿನ ಭಜಿ ಎಣ್ಣೆಗೆ ಬಿದ್ದ ಸದ್ದಿಗೆ ಸಿಟ್ಟು ಇಳಿಯಿತು.

ರಜೆ ಮುಗಿಸಿ ಇವರು ಹೋದರು. ಮೂರು ತಿಂಗಳು ಮನಿಯಾರ್ಡರ್ ಹಳೆಯ ಮೊತ್ತದ್ದೇ ಬಂತು. ಅತ್ತಿ ಎಂದಿನಂತೆ ತೊಟ್ಟು ಬಿಡಿಸಲು ಹೋಗುತ್ತಿದ್ದರು. ನನಗೆ ಮಾತ್ರ, ರಾಣೇಬೆನ್ನೂರಿಗೆ ಹೋಗಿ ಎಲ್ಲಿ ಇವರಿಗೆ ತೊಂದರೆ ಮಾಡಿಬಿಟ್ಟೆವೋ ಅಂತ ಹೆದರಿಕೆ. ನಾಲ್ಕನೆಯ ತಿಂಗಳು ಅಂಚೆಯವ ಮೆಣಸಿನಕಾಯಿ ಅಂಗಳಕ್ಕೇ ಬಂದ. ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಎಣಿಸತೊಡಗಿದವನು ನಿಲ್ಲಿಸಲೇ ಇಲ್ಲ. ಪಾಸಾದ ದಿನದಿಂದ ಈಚಿನ ಬಾಕಿಯೆಲ್ಲ ಒಟ್ಟಿಗೇ ಬಂದಿತ್ತು. ತೊಟ್ಟು ಬಿಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ಸುತ್ತ ನೆರೆದರು. ಅತ್ತಿ ಮೆಣಸಿನಕಾಯಿ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅಳುವ ಹಾಗಾಯಿತು. ನಾವು ನೀರು ಹಾಕಿ ತೊಳೆದೆವು. ಎಲ್ಲರೂ ನಗುತ್ತಿದ್ದರು, ಅತ್ತಿಯೂ.

ವಾರದ ಮೇಲೆ ಇವರ ಕಾಗದ ಬಂತು. ನಾನೇ ಗಟ್ಟಿಯಾಗಿ ಓದಿದೆ. ಸಾಹೇಬನ ಪತ್ರ ಬಂದ ಮೇಲೆ ದೊಡ್ಡ ಅಧಿಕಾರಿ ಎಲ್ಲರ ಪುಸ್ತಕ ತರಿಸಿ ನೋಡಿದರಂತೆ. ಇವರ ಹಾಗೆಯೇ ಕ್ಲೀನರ್ ಪಗಾರದಲ್ಲಿ ಲಾರಿ ನಡೆಸುತ್ತಿದ್ದವರು ಹನ್ನೊಂದು ಜನ. ಪಂಜಾಬಿನವರು, ಮದ್ರಾಸಿನವರು, ಒಬ್ಬ ಬೆಳಗಾವಿಯವನು. ಹನ್ನೊಂದೂ ಜನರಿಗೆ ಬಾಕಿ ಸಿಕ್ಕಿತು. ಹೊಸ ಡೇರೆ ಬಂತು, ತಲೆಗೆ ಎರಡೆರಡು ಕಂಬಳಿ. ಯಾರ ತಾಯಿ ಇದನ್ನು ಮಾಡಿಸಿದ್ದು ಅಂತ ಎಲ್ಲರೂ ಕೇಳುತ್ತಾರೆ, ನಾನು ಎದೆ ಉಬ್ಬಿಸಿ ಹೇಳುತ್ತೇನೆ ಅಂತ ಬರೆದಿದ್ದರು. ಅತ್ತಿ ಅದೊಂದು ಸಾಲನ್ನು ಮೂರು ಸಲ ಓದಿಸಿದರು.

ಅದರ ಹಿಂದೆಯೇ ಒಂದು ಪಾರ್ಸಲ್ಲು ಬಂತು. ಆ ಹನ್ನೊಂದು ಜನ ಸೇರಿ ಕಳಿಸಿದ ಅಸ್ಸಾಮಿನ ಚಹಾಪುಡಿ, ಮೇಲೆ ಯಾವುದೋ ಭಾಷೆಯಲ್ಲಿ 'ಅವ್ವನಿಗೆ' ಅಂತ ಬರೆದದ್ದು. ಸ್ಟೇಶನ್ ಮಾಸ್ತರರೇ ಓದಿ ಹೇಳಿದರು. ನಮ್ಮ ಮನೆಯಲ್ಲಿ ಚಹಾ ಮಾಡಿದ್ದೇ ಇಲ್ಲ. ಅಳತೆ ಯಾರಿಗೂ ಗೊತ್ತಿಲ್ಲ. ಅತ್ತಿ ದೊಡ್ಡ ಪಾತೇಲಿಯಲ್ಲಿ ನೀರಿಟ್ಟು, ಎರಡು ಮುಷ್ಟಿ ಪುಡಿ, ಒಂದು ಹೆಂಟೆ ಬೆಲ್ಲ ಹಾಕಿ ಕುದಿಸಿ, ಅಂಗಳದ ಹೆಂಗಸರಿಗೆಲ್ಲ ಬಟ್ಟಲಲ್ಲಿ ಹಾಕಿ ಕೊಟ್ಟರು. ಕಷಾಯದಷ್ಟು ಕಹಿ. ಯಾರೂ ಬಟ್ಟಲು ಕೆಳಗಿಡಲಿಲ್ಲ. ಕುಡಿದು ಮುಗಿಸಿದ ಮೇಲೆ ಒಬ್ಬಾಕೆ ಮೆಲ್ಲಗೆ, ಇನ್ನೂ ಎಷ್ಟು ಪುಡಿ ಉಳದೈತಿ ಅಂತ ಕೇಳಿದಳು. ಅತ್ತಿ ಡಬ್ಬಿ ಅಲುಗಾಡಿಸಿ ನೋಡಿ, ದೀಪಾವಳಿ ತನಕ ಆಗತೈತಿ, ಯಾರೂ ತಪ್ಪಿಸ್ಕೊಳ್ಳೂಹಂಗಿಲ್ಲ ಅಂದರು.