ವಾರ್ದುಹಿಯ ಬಲಗಿವಿ

ಶನಿವಾರ, ಬೆಳಗಿನ ಆರು ಗಂಟೆ. ನಮ್ಮ ರಾಜಧಾನಿ ಯೆರೆವಾನಿನ ವೆರ್ನಿಸಾಜ್ ಕರಕುಶಲ ಸಂತೆಯಲ್ಲಿ ಅರ್ಧಕ್ಕರ್ಧ ಮೇಜುಗಳು ಇನ್ನೂ ಬರಿದಾಗಿವೆ. ಮೂಲೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡ ವಾರ್ದುಹಿ ಅವರು ಬೆಳ್ಳಿ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಬಾಗಿಸುತ್ತಾರೆ. ಕಿವಿಯೋಲೆಯ ಕೊಕ್ಕೆ ಸಿದ್ಧ. ತುದಿಯನ್ನು ಅರದಿಂದ ಉಜ್ಜಿ, ಹಿಪ್ಪುನೇರಳೆ ಸಾರಾಯಿಯಲ್ಲಿ ಅದ್ದುತ್ತಾರೆ. ಇವತ್ತು ಮಾತ್ರ ಅಷ್ಟಕ್ಕೇ ಬದಿಗಿಡುತ್ತಾರೆ; ಬೇರೆ ದಿನವಾದರೆ ತಮ್ಮ ಬಲಗಿವಿಯ ತೂತಿಗೇ ತೂರಿಸಿ ನೋಡುವುದು ಪದ್ಧತಿ. ಚುಚ್ಚಿದರೆ ಮತ್ತೆ ಅರ. ಚುಚ್ಚದಿದ್ದರೆ ಮತ್ತೊಮ್ಮೆ ಸಾರಾಯಿಯಲ್ಲಿ ಅದ್ದಿ ಡಬ್ಬಿಗೆ.

“ಈ ಸಾರಾಯಿ ಕೊಕ್ಕೆಗೆ ಮಾತ್ರ. ಚಳಿ ಜಾಸ್ತಿಯಾದ್ರೆ ನನಗೂ ಸ್ವಲ್ಪ, ಬರೀಬೇಡ ಮತ್ತೆ!” ಎಂದು ನಗುತ್ತಾರೆ. ಬರೆದುಬಿಟ್ಟೆ, ಕ್ಷಮಿಸಲಿ.

ವಯಸ್ಸು ಅರವತ್ತೊಂದು. ವಾರಕ್ಕೆ ಎಂಬತ್ತು ಜೊತೆ ಕೊಕ್ಕೆ, ಹತ್ತೊಂಬತ್ತು ಮೇಜುಗಳಿಗೆ. ಬೆಳ್ಳಿಯ ದಾಳಿಂಬೆ ಕೊಂಡವರು ದಾಳಿಂಬೆಯನ್ನು ಹೊಗಳುತ್ತಾರೆ, ಕರಿಗಾಜುಕಲ್ಲಿನ ಓಲೆ ಕೊಂಡವರು ಕಲ್ಲನ್ನು. ಕೊಕ್ಕೆ ಮಾಡಿದ್ದು ಯಾರೆಂದು ಯಾರಾದರೂ ಕೇಳಿದ್ದನ್ನು ಸಂತೆಯ ಬಗ್ಗೆ ಬರೆಯುತ್ತಿರುವ ಈ ಹದಿನಾರು ವರ್ಷಗಳಲ್ಲಿ ನಾನಂತೂ ಕಂಡಿಲ್ಲ. ನಾನೂ ಕೇಳಿರಲಿಲ್ಲ, ನಾಚಿಕೆಯ ಮಾತು.

ಹೊಸ ತಂತಿ ಬಂದರೆ ಅದರ ಮೊದಲ ಕೊಕ್ಕೆಯನ್ನು ಎರಡು ದಿನ ಬಲಗಿವಿಯಲ್ಲೇ ಇಟ್ಟುಕೊಳ್ಳುತ್ತಾರೆ. ಬೆಳ್ಳಿಯಲ್ಲಿ ನಿಕ್ಕಲ್ ಕಲಬೆರಕೆಯಾಗಿದ್ದರೆ ಆ ಕಿವಿ ಕೆಂಪಗಾಗಿ ಊದಿಕೊಳ್ಳುತ್ತದೆ. ಎಡಗಿವಿಗೆ ರಜೆ. “ಮುಖಕ್ಕೆ ಒಂದಾದ್ರೂ ನೆಟ್ಟಗಿರೋ ಕಿವಿ ಬೇಡ್ವಾ?”

ಈ ಹಟ ಬಂದದ್ದು ತೊಂಬತ್ತರ ದಶಕದ ಕತ್ತಲ ವರ್ಷಗಳಲ್ಲಿ. ಗಡಿಯಾರದ ಕಾರ್ಖಾನೆ ಮುಚ್ಚಿ ಕೆಲಸ ಹೋಗಿತ್ತು. ಮನೆಯಲ್ಲಿ ದೀಪವಿಲ್ಲ, ಒಲೆಗೆ ಸೌದೆಯಿಲ್ಲ. ಸಿಕ್ಕ ತಂತಿಯನ್ನೆಲ್ಲ ಬಾಗಿಸಿ ಮಾರುತ್ತಿದ್ದರು. ಕೆಳಮನೆಯ ಹುಡುಗಿಯ ಹುಟ್ಟುಹಬ್ಬಕ್ಕೂ ಒಂದು ಜೊತೆ ಮಾಡಿಕೊಟ್ಟರು. “ಮಗು ಕೇಕು ಬಿಟ್ಟು ಕಿವೀನೇ ಮುಟ್ಟಿಕೊಳ್ತಾ ಇತ್ತು. ವಾರದೊಳಗೆ ಕೀವಾಯ್ತು. ಅವರಮ್ಮ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಇಷ್ಟು ಹೊತ್ತಿಗೆ ಮರೆತುಬಿಡ್ತಿದ್ದೆನೇನೋ.” ಅಂದಿನಿಂದ ಮೊದಲು ತಮ್ಮ ಕಿವಿ, ಆಮೇಲೆ ಊರವರದ್ದು. ನಮ್ಮಲ್ಲಿ ಮಾತು ಮಾತಿಗೂ ‘ನಿನ್ನ ನೋವು ನನಗಿರಲಿ’ ಅನ್ನುತ್ತೇವೆ, ತರಕಾರಿಯವಳಿಗೂ ಅನ್ನುತ್ತೇವೆ. ಈಕೆ ಅದನ್ನು ಅಕ್ಷರಶಃ ಮಾಡುತ್ತಿದ್ದಾರೆ.

ಇವತ್ತು ಆ ಬಲಗಿವಿ ಕೆಂಪಗೆ ಊದಿಕೊಂಡಿದೆ. ಕಾರಣ, ಎದುರು ಮೇಜಿನ ಸೆರೋಬ್. ದಾಳಿಂಬೆ ಓಲೆ ಮಾಡಿ ಮಾರುವ ಈ ವ್ಯಾಪಾರಿ ವಾರ್ದುಹಿಯ ಅರ್ಧ ಕೆಲಸ ಕೊಡುವವನು. ಬುಧವಾರ ಒಂದು ಚೀಲ ತಂದಿಟ್ಟು, “ಎಲ್ಲಾ ರೆಡಿಮೇಡ್ ಕೊಕ್ಕೆ, ಬೆಳ್ಳೀದು. ನೀನು ಓಲೆಗೆ ಪೋಣಿಸಿಕೊಟ್ರೆ ಸಾಕು, ಶನಿವಾರ ಹೇಳು” ಎಂದು ಹೋಗಿದ್ದ. ಚೀಲದಿಂದ ಒಂದು ಕೊಕ್ಕೆ ತೆಗೆದು ವಾರ್ದುಹಿ ಅಂದೇ ಬಲಗಿವಿಗೆ ಹಾಕಿಕೊಂಡಿದ್ದರು. ಒಲ್ಲೆ ಎಂದರೆ ವಾರಕ್ಕೆ ನಲವತ್ತು ಜೊತೆ ಕೈತಪ್ಪುತ್ತದೆ.

ಏಳಕ್ಕೆ ಸೆರೋಬ್ ಬರುತ್ತಾನೆ. “ಏನಕ್ಕಾ, ಏನು ತೀರ್ಮಾನ?”

ವಾರ್ದುಹಿ ತಲೆವಸ್ತ್ರ ಸರಿಸುತ್ತಾರೆ. “ಇಲ್ಲಿ ಊದಿಕೊಂಡು ಕೂತಿದೆ ನೋಡು, ತೀರ್ಮಾನ.”

“ಅಯ್ಯೋ, ಕೊಳ್ಳೋ ಪ್ರವಾಸಿಗಳು ನಾಳೆ ವಿಮಾನ ಹತ್ತುತ್ತಾರೆ. ತುರಿಕೆ ಶುರುವಾಗೋ ಹೊತ್ತಿಗೆ ಅವರು ಯಾವ ದೇಶದಲ್ಲೋ! ವಾಪಸ್ ಬಂದು ಜಗಳ ಆಡ್ತಾರಾ?”

“ಅವರು ಹೋಗ್ತಾರೆ ಕಣೋ. ನಾನು ಇಲ್ಲೇ ಇರ್ತೀನಲ್ಲ.”

“ನಿನ್ನ ಕಿವಿ ಕೇಳಿಕೊಂಡು ವ್ಯಾಪಾರ ಮಾಡಿದ್ರೆ ನಾನು ಉದ್ಧಾರ ಆದ ಹಾಗೇ!” ಚೀಲ ಎತ್ತಿಕೊಂಡು ಹೊರಟೇಬಿಡುತ್ತಾನೆ. ವಾರ್ದುಹಿ ಇಕ್ಕಳ ಕೆಳಗಿಡುತ್ತಾರೆ. ನಲವತ್ತು ಜೊತೆ ಎಂದರೆ ಚಳಿಗಾಲದ ಗ್ಯಾಸು, ಮಂಡಿನೋವಿನ ಮಾತ್ರೆ.

ಮಧ್ಯಾಹ್ನ ನಾವಿಬ್ಬರೂ ತೆಳ್ಳನೆಯ ಲವಾಶ್ ರೊಟ್ಟಿಯೊಳಗೆ ಚೀಸ್ ಸುತ್ತಿಕೊಂಡು ತಿನ್ನುತ್ತಿರುವಾಗ ಸೆರೋಬ್ ಮತ್ತೆ ಎದುರು ನಿಲ್ಲುತ್ತಾನೆ. ಈ ಸಲ ಕೈಯಲ್ಲಿ ಚೀಲವಿಲ್ಲ. ಕರವಸ್ತ್ರದಲ್ಲಿ ಒಂದೇ ಜೊತೆ ಪುಟ್ಟ ದಾಳಿಂಬೆ; ಬಿಡಿ ಬಿಡಿ ಕಾಳು ಕಾಣುವಂತೆ ಕೆತ್ತಿದ್ದು, ಅವನ ಕೈಯಿಂದ ಇಷ್ಟು ಚೆಂದದ್ದು ನಾನು ನೋಡಿಲ್ಲ. ಕೊಕ್ಕೆ ಇಲ್ಲ.

“ಮಗಳು ಅರ್ಪಿನೆಗೆ. ಬರೋ ಭಾನುವಾರ ಅವಳ ನಿಶ್ಚಿತಾರ್ಥ,” ಎಂದು ಎಲ್ಲೋ ನೋಡುತ್ತ ಹೇಳುತ್ತಾನೆ.

“ಚೀಲದ ತುಂಬ ಕೊಕ್ಕೆ ಇತ್ತಲ್ಲಪ್ಪಾ?”

ಸೆರೋಬ್ ಕರವಸ್ತ್ರವನ್ನು ಅವರತ್ತ ಇನ್ನಷ್ಟು ಸರಿಸುತ್ತಾನೆ. ಪಕ್ಕದ ಮೇಜಿನವರು ಕಿಸಕ್ಕೆಂದು ನಗುತ್ತಾರೆ. ವಾರ್ದುಹಿ ನಗುವುದಿಲ್ಲ. “ಕೂತ್ಕೋ, ಕಾಫಿ ಕುಡಿ” ಎಂದು ತಂತಿ ತೆಗೆಯುತ್ತಾರೆ. ಬಾಗಿಸಿ, ಉಜ್ಜಿ, ಅದ್ದುತ್ತಾರೆ. ಬಲಗಿವಿಯನ್ನು ಮುಟ್ಟುವ ಹಾಗಿಲ್ಲ. ಒಂದು ಗಳಿಗೆ ಯೋಚಿಸಿ, ರಜೆಯ ಮೇಲಿದ್ದ ಎಡಗಿವಿಗೆ ತೂರಿಸಿ ನೋಡುತ್ತಾರೆ. ತೆಗೆದು ಮತ್ತೆ ಉಜ್ಜುತ್ತಾರೆ. ನಾಲ್ಕು ಸಲ ಹೀಗೆಯೇ. ಸೆರೋಬನ ಕಾಫಿ ತಣ್ಣಗಾಗುತ್ತದೆ.

ಓಲೆ ಕೈಗಿತ್ತಾಗ ಅವನು ಜೇಬಿಗೆ ಕೈಹಾಕುತ್ತಾನೆ. “ಮದುಮಗಳ ಹತ್ರ ದುಡ್ಡು ತಗೋತಾರೇನೋ? ಹೋಗು.” ನಲವತ್ತು ಜೊತೆಯ ಮಾತನ್ನು ಅವನೂ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ. ಸಂಜೆ ಅವನ ಮೇಜಿನ ಮೇಲೆ ಬೆಳಗಿನ ಆ ಕೊಕ್ಕೆಯ ಚೀಲ ಹಾಗೇ ಇತ್ತು.

ಏನಾದರೂ ಆಸೆ ಇದೆಯೇ ಎಂದು ಹೊರಡುವಾಗ ಕೇಳಿದೆ. ಬಲಗಿವಿಯ ಮೇಲೆ ತಣ್ಣೀರಿನ ಬಟ್ಟೆ ಒತ್ತಿಕೊಂಡರು.

“ಭಾನುವಾರಕ್ಕೆ ಕರೆದ್ರೆ ಹೋಗ್ತೀನಿ. ಹಿಂದಿನ ಮೇಜಾದ್ರೂ ಪರವಾಗಿಲ್ಲ. ಆ ಹುಡುಗಿ ನಗಲಿ, ಕುಣೀಲಿ. ಪೂರ್ತಿ ಮುಗಿಯೋವರೆಗೂ ಒಂದೇ ಒಂದು ಸಲಾನೂ ಕಿವಿ ಮುಟ್ಟಿಕೊಳ್ಳದೇ ಇದ್ರೆ ನನಗಷ್ಟು ಸಾಕು.”