ಚೀಲದ ತಳದ ಅಡಿಕೆ

ಮೊನ್ನೆ ನನ್ನ ಔಷಧಿ ಅಂಗಡಿಯ ಡ್ರಾವರ್ ಒರೆಸುವಾಗ ತುಕ್ಕು ಹಿಡಿದ ಅಡಕತ್ತರಿಯೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಹಳೆ ಅಡಿಕೆಯ ಒಗರು ವಾಸನೆ ಇನ್ನೂ ಇತ್ತು... ಬೆಳ್ಳಾರೆ ಪೇಟೆಯಲ್ಲಿ ನನ್ನ ಪಕ್ಕದಲ್ಲೇ ಅಡಿಕೆ ವ್ಯಾಪಾರ ಮಾಡುತ್ತಿದ್ದ ಹಾಜಿಯವರದ್ದು ಅದು.

ಅವರು ಚೀಲದ ಮೇಲಿನ ಅಡಿಕೆ ನೋಡಿ ದರ ಹೇಳಿದವರೇ ಅಲ್ಲ. ತೋಳಿನವರೆಗೆ ಕೈ ಇಳಿಸಿ, ತಳದಿಂದ ನಾಲ್ಕು ತೆಗೆದು, ಕತ್ತರಿಸಿ ನೋಡಿಯೇ ಬಾಯಿ ಬಿಡುತ್ತಿದ್ದರು. ಬೆಳೆಗಾರರು ಗೊಣಗುತ್ತಿದ್ದರು, ಆದರೂ ಅವರಲ್ಲಿಗೇ ಬರುತ್ತಿದ್ದರು.

ಅರುವತ್ತೇಳರ ಪ್ರಾಯದಲ್ಲಿ ಅವರಿಗೆ ನಾಲ್ಕು ಹೆಜ್ಜೆಗೆ ಏದುಸಿರು, ತೋಳಿನಲ್ಲಿ ನೀಲಿ ಕಲೆಗಳು. ಮೂಳೆಯೊಳಗಿನ ಮಜ್ಜೆ ಸರಿಯಾಗಿ ರಕ್ತ ತಯಾರಿಸುತ್ತಿಲ್ಲ ಎಂದರು ಪುತ್ತೂರಿನ ಡಾಕ್ಟರು. ಆಗಾಗ ರಕ್ತ ಏರಿಸಬೇಕಾಯಿತು. ಅಸ್ಥಿಮಜ್ಜೆ ಕಸಿಯ ಬಗ್ಗೆ ಮಂಗಳೂರಿನಲ್ಲಿ ವಿಚಾರಿಸಿ ಎಂದು ಚೀಟಿಯನ್ನೂ ಕೊಟ್ಟರು. ಇಚಿಲಂಪಾಡಿಯಲ್ಲಿದ್ದ ಹಾಜಿಯವರ ತಂಗಿ, ಹೊಂದಿದರೆ ತನ್ನ ಮಜ್ಜೆ ಕೊಡುತ್ತೇನೆ ಎಂದಿದ್ದಳು.

ಆ ಚೀಟಿ ಹಿಡಿದು ಅವರು ಮೊದಲು ಬಂದದ್ದು ನನ್ನ ಹತ್ತಿರ. ಮದ್ದು ಮಾರುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಪೇಟೆಯದು. ನನಗೂ ಆ ಜಂಭ ಇತ್ತು.

"ಅದೆಲ್ಲ ಸಣ್ಣ ಪ್ರಾಯದವರಿಗೆ ಹಾಜಿಯವರೇ. ಈಗ ಮೈಗೆ ಯಾಕೆ ಹಿಂಸೆ ಮಾಡುದು?" ಎಂದೆ.

ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು. "ನೀವು ಹೇಳಿದ ಮೇಲೆ ಆಯ್ತಲ್ಲ."

ಎಂಟು ತಿಂಗಳ ಮೇಲೆ ತಂಗಿ ಹಠ ಹಿಡಿದು ಮಂಗಳೂರಿಗೆ ಕರೆದೊಯ್ದಳು. ವಯಸ್ಸೊಂದನ್ನೇ ನೋಡಿ ನಾವು ಬೇಡ ಅನ್ನುವುದಿಲ್ಲ, ಹೃದಯ, ಶ್ವಾಸಕೋಶ ಎಲ್ಲ ಪರೀಕ್ಷಿಸಿ ನೋಡುತ್ತೇವೆ, ಅಪಾಯ ಇದ್ದೇ ಇದೆ, ಆದರೂ ಮೊದಲೇ ಬಂದಿದ್ದರೆ ಯೋಚಿಸಬಹುದಿತ್ತು ಎಂದರಂತೆ ಅಲ್ಲಿಯ ಡಾಕ್ಟರು. ಅಷ್ಟರಲ್ಲಿ ಕಾಯಿಲೆ ರಕ್ತದ ಕ್ಯಾನ್ಸರಿಗೆ ತಿರುಗಿತ್ತು. ದೇಹ ಕಸಿಯನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ವ್ಯಾಪಾರ ನಿಲ್ಲಿಸಿದ ದಿನ ಈ ಅಡಕತ್ತರಿಯನ್ನು ನನ್ನ ಮೇಜಿನ ಮೇಲಿಟ್ಟು, "ಈ ಸಲ ಮೇಲಿಂದ ನೋಡಿಯೇ ದರ ಹೇಳಿಬಿಟ್ಟೆವಲ್ಲ ಮಾರಾಯ್ರೆ," ಎಂದು ನಕ್ಕರು. ನನಗೆ ನಗಲು ಆಗಲಿಲ್ಲ. ಮುಂದಿನ ತಿಂಗಳು ಅವರು ತೀರಿಕೊಂಡರು...

ಪಕ್ಕದಲ್ಲಿ ಈಗ ಮೊಬೈಲ್ ಅಂಗಡಿ ಉಂಟು. ನಿನ್ನೆ ಒಬ್ಬ ಹೆಂಗಸು ಗಂಡನ ರಿಪೋರ್ಟು ಹಿಡಿದು ಬಂದರು. ಅಂಥದ್ದೇ ಕಾಯಿಲೆ, ಅಂಥದ್ದೇ ಚೀಟಿ.

"ಅವರಿಗೆ ಎಪ್ಪತ್ತಾಯ್ತು. ಇನ್ನು ಎಂತಕ್ಕೆ ಇದೆಲ್ಲ, ಅಲ್ವಾ?"

"ನನ್ನತ್ರ ಕೇಳ್ಬೇಡಿ," ಎಂದೆ. "ನಾಳೆಯೇ ಮಂಗಳೂರಿಗೆ ಕರ್ಕೊಂಡು ಹೋಗಿ, ಅಲ್ಲಿ ಕೇಳಿ."

ಬಸ್ಸಿನ ಹೊತ್ತನ್ನೂ ಬರೆದುಕೊಟ್ಟೆ. ಇಷ್ಟೇ ಮಾತು ಅವತ್ತು ಹಾಜಿಯವರಿಗೆ ಹೇಳಬೇಕಿತ್ತು.