ಸುಣ್ಣ ಸವರಿದ ಬಲಗೈ

ಪಾರ್ಶ್ವವಾಯು ಬಡಿದ ಗಂಗಮ್ಮಜ್ಜಿಯ ಬಲಗೈಗೆ ನಾನೇ ಜೀವ ತುಂಬಿದೆ ಎಂದು ಬ್ಯಾಡಗಿಯ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ಅದಕ್ಕೆ ಸಾಕ್ಷಿ ಏನು ಅಂತ ಒಬ್ಬರಾದರೂ ಕೇಳಬೇಕಲ್ಲ!

ನಾನಾಗ ಆಕ್ಯುಪೇಷನಲ್ ಥೆರಪಿಯ ಕೊನೆಯ ವರ್ಷದಲ್ಲಿದ್ದೆ. ಕೈಲಾಗದವರಿಗೆ ಉಣ್ಣುವುದು, ಉಡುವುದನ್ನು ಮತ್ತೆ ರೂಢಿ ಮಾಡಿಸುವ ವಿದ್ಯೆ ಅದು. ಪರೀಕ್ಷಕರಿಗೆ ತೋರಿಸಬೇಕಾದ ನನ್ನ ರೋಗಿ ಈ ಅಜ್ಜಿ. ಕೈ ಸುಧಾರಿಸದಿದ್ದರೆ ಪದವಿಯೂ ಇಲ್ಲ, ವೃತ್ತಿಯ ನೋಂದಣಿಯೂ ಇಲ್ಲ ಎಂಬ ದಿಗಿಲು ನನಗೆ. ಅಜ್ಜಿ ಮಾತ್ರ ಬೆರಳಿನ ಅಭ್ಯಾಸಕ್ಕೆಂದು ನಾನು ಮುಂದಿಟ್ಟ ಮಣಿಯೊಂದನ್ನೂ ಎತ್ತುತ್ತಿರಲಿಲ್ಲ. ಸೊಸೆ ಶಾಂತಕ್ಕ ರೊಟ್ಟಿ ಮುರಿದು, ಹಾಲಲ್ಲಿ ನೆನೆಸಿ, ಬಾಯಿಗಿಡುತ್ತಿದ್ದಳು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಅಜ್ಜಿ ಒಬ್ಬಳೇ ಕೂತು, ಅದೇ ಬಲಗೈಯಿಂದ ವೀಳ್ಯದೆಲೆಯ ನಾರು ತೆಗೆದು, ಹೆಬ್ಬೆರಳಿನಿಂದ ನಾಜೂಕಾಗಿ ಸುಣ್ಣ ಸವರುತ್ತಿದ್ದಳು!

"ಲಗೂ ಬಾಗಲಾ ಹಾಕವಾ. ನನ್ನ ಸೊಸಿ ಈ ಮನಿಗೆ ಬಂದಾಗಿಂದ ನಾನ ರೊಟ್ಟಿ ಬಡದು ಹಾಕೇನಿ. ಈಗ ಇಕಿ ಒಂದೀಟು ತಿನ್ಸಲಿ ಬಿಡು," ಎಂದಳು.

"ನನ್ನ ಪರೀಕ್ಷಾದ ಗತಿ ಏನಬೇ?"

"ನಿಮ್ಮ ಸರ್ ಬಂದ ದಿನ ಎತ್ತತೇನಿ. ಅಲ್ಲೀತನಕ ಬಾಯಿ ಮುಚಗೊಂಡಿರು."

ಹಾಗೆಂದವಳೇ ಎಲೆ ಮಡಚಿ ನನ್ನ ಬಾಯಿಗೆ ತುರುಕಿದಳು, ಬಲಗೈಯಿಂದಲೇ.

ಪರೀಕ್ಷಕರ ಮುಂದೆ ಬೇಕಂತಲೇ ನಡುಗುತ್ತ ತುತ್ತೆತ್ತಿದಳು. ಶಾಂತಕ್ಕ ಖುಷಿಗೆ ಅತ್ತಳು. ನಾನು ಪಾಸಾದೆ, ನೋಂದಣಿಯೂ ಆಯಿತು.

ಈಗ ರಾಣೆಬೆನ್ನೂರಿನಲ್ಲಿ ಯಾರ ಮನೆಗೆ ಚಿಕಿತ್ಸೆಗೆ ಹೋದರೂ ಮೊದಲು ಹಿತ್ತಲ ಬಾಗಿಲು ಹುಡುಕುತ್ತೇನೆ. ಅಜ್ಜಿ, ಇನ್ನಾದರೂ ಖರೇ ಹೇಳು: ನಿನ್ನ ಕೈಗೆ ಜೀವ ಬಂದದ್ದು ನಾನು ಬಂದ ಮೇಲೋ, ಅದಕ್ಕೂ ಮೊದಲೋ?